ಬೆಟ್ಟಿಗೆ ಇಟ್ಟ ಎಡೆ

ಮದರಾಸು
20 ನವೆಂಬರ್ 1953

ಅಣ್ಣ,

ನೀನು ನನ್ನನ್ನು ಇಲ್ಲಿ ಬಿಟ್ಟು ರೈಲು ಹತ್ತಿದ ಮೇಲೆ ಎರಡು ದಿನ ಅತ್ತೆ. ಮೂರನೆಯ ದಿನದಿಂದ ಅಳುವುದಕ್ಕೂ ಪುರುಸೊತ್ತಿಲ್ಲ. ಬೆಳಗ್ಗೆ ಸಂಗೀತದ ಮೇಷ್ಟ್ರು, ಮಧ್ಯಾಹ್ನ ಕುಣಿತದ ಮೇಷ್ಟ್ರು, ಸಾಯಂಕಾಲ ನಡೆಯುವುದನ್ನು ಕಲಿಸಲು ಇನ್ನೊಬ್ಬರು. ಹದಿನೇಳು ವರ್ಷ ನಾನು ನಡೆದದ್ದು ನಡಿಗೆಯೇ ಅಲ್ಲವಂತೆ! ದಿನಾ ಕೆಸರೆಯಿಂದ ಪೇಟೆಗೆ ಹಾಲಿನ ಬಿಂದಿಗೆ ಹೊತ್ತವಳು ಕಣಯ್ಯ ನಾನು, ಒಂದು ತೊಟ್ಟು ಚೆಲ್ಲಿದವಳಲ್ಲ ಅಂದೆ. ಅವರಿಗೆ ಕನ್ನಡ ಬರದೆ ಇದ್ದದ್ದು ಒಳ್ಳೆಯದಾಯಿತು. ಊಟಕ್ಕೆ ಹಾಲು, ಹಣ್ಣು, ಬೇಯಿಸಿದ ತರಕಾರಿ. ಮುದ್ದೆ ಅಂದರೆ ನಗುತ್ತಾರೆ.

ಇದೆಲ್ಲ ಹೇಗೋ ಸಹಿಸುತ್ತೇನೆ. ಸಹಿಸಲಾಗದ್ದು ಒಂದೇ. "ಪಂಕಜಾ" ಅಂತ ಯಾರಾದರೂ ಕರೆದರೆ ಹಿಂದಕ್ಕೆ ತಿರುಗಿ ನೋಡುತ್ತೇನೆ, ಅಕ್ಕ ಬಂದಳೇನೋ ಅಂತ. ಕಂಪನಿಯವರು ನನಗೆ ಕಿವಿ ಮಂದ ಅಂದುಕೊಂಡಿದ್ದಾರೆ.

ಒಂದು ಸಾಯಂಕಾಲದ ಮಾತು ಅಂದಿದ್ದೆಯಲ್ಲ ನೀನು? ದಸರಾ ವಸ್ತುಪ್ರದರ್ಶನದ ಸುಂದರಿ ಸ್ಪರ್ಧೆಗೆ ಅಕ್ಕನ ಹೆಸರು, ಅಕ್ಕನ ಫೋಟೋ ಕಳಿಸಿದವನು ನೀನು. ಸ್ಪರ್ಧೆಗೆ ಮೂರು ವಾರ ಇರುವಾಗ ಅವಳು ವಿಷಮಶೀತ ಜ್ವರದಲ್ಲಿ ಹೋದಳು. "ಹೆಸರು ಅಚ್ಚಾಗಿಬಿಟ್ಟಿದೆ, ನಿಮ್ಮಿಬ್ಬರದೂ ಒಂದೇ ಮುಖ, ಅವಳ ಆಸೆಯಾದರೂ ತೀರಲಿ, ನಿಂತು ಬಾ" ಅಂತ ಅವಳ ಸೀರೆ ಉಡಿಸಿ ನನ್ನನ್ನು ಕಳಿಸಿದವನೂ ನೀನೇ. ಬಹುಮಾನ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಸಿನಿಮಾದವರು ಅಲ್ಲೇ ಕೂತಿರುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಕರಾರು ಪತ್ರಕ್ಕೆ ಅವಳ ಹೆಸರಲ್ಲೇ ರುಜು ಹಾಕಿದ್ದಾಯಿತು. ನಿಜ ಹೇಳಿಬಿಡುತ್ತೇನೆ, ನನಗೂ ಆಸೆ ಇತ್ತು. ಎಲ್ಲ ನಿನ್ನ ತಲೆಗೇ ಕಟ್ಟುವುದಿಲ್ಲ.

ಅವ್ವ ಹೇಗಿದ್ದಾಳೆ? ಅಕ್ಕನನ್ನೂ ಅವಳನ್ನೂ ಒಂದೇ ಗಾಡಿಯಲ್ಲಿ ಜ್ವರದ ಆಸ್ಪತ್ರೆಗೆ ಒಯ್ದರು. ಆಮೇಲೆ ನಮ್ಮನ್ನು ಒಳಗೇ ಬಿಡಲಿಲ್ಲ. ಅವಳು ಹಾಸಿಗೆಯಲ್ಲಿರುವಾಗಲೇ ಹೇಳದೆ ಕೇಳದೆ ಇಲ್ಲಿಗೆ ಬಂದುಬಿಟ್ಟೆ. ಮನೆಗೆ ಬಂದಳಾ? ನಾನೆಲ್ಲಿ ಅಂತ ಕೇಳಿದಳಾ? ಎಷ್ಟು ಬಯ್ದಳೋ ಅಷ್ಟನ್ನೂ ಬರಿ.

ನಿನ್ನ ತಂಗಿ
ಬೆಟ್ಟಿ


ಮೈಸೂರು
6 ಡಿಸೆಂಬರ್ 1953

ಪ್ರೀತಿಯ ಬೆಟ್ಟಿ,

ಕಾಗದ ಕೈಸೇರಿತು. ಇನ್ನು ಮುಂದೆ ನನ್ನ ಮುನಿಸಿಪಲ್ ಆಫೀಸಿನ ವಿಳಾಸಕ್ಕೇ ಬರಿ, ಮನೆಗೆ ಬೇಡ. ಟಪಾಲಿನ ಮಹದೇವಯ್ಯ ಗೊತ್ತಲ್ಲ, ಓದು ಬಾರದವರ ಮನೆ ಅಂತ ಕಾಗದವನ್ನು ಬಾಗಿಲಲ್ಲೇ ಒಡೆದು ಕೇರಿಗೆಲ್ಲ ಕೇಳುವ ಹಾಗೆ ಓದುತ್ತಾನೆ.

ಅವ್ವ ಮನೆಗೆ ಬಂದು ಮೂರು ವಾರ ಆಯಿತು. ಎದ್ದು ಓಡಾಡುತ್ತಾಳೆ. ಹಸುವಿಗೆ ಹುಲ್ಲು ಹಾಕುತ್ತಾಳೆ. ನಿನ್ನನ್ನು ಬಯ್ಯಲಿಲ್ಲ. ಹೋದವಳನ್ನು ನೆನೆಸಿಕೊಂಡು ಅತ್ತಳು, ಮದರಾಸಿನಲ್ಲಿರುವವಳು ಚೆನ್ನಾಗಿರಲಿ ಅಂದಳು. ಅಷ್ಟೇ.

ಪೇಪರಿನವರು ಗೆದ್ದವಳ ಫೋಟೋ ಅಂತ ಅರ್ಜಿಯ ಜೊತೆ ಕೊಟ್ಟಿದ್ದ ಅಕ್ಕನ ಫೋಟೋವನ್ನೇ ಹಾಕಿದ್ದಾರೆ, ನೀನು ನೋಡಿರಬೇಕು. ಆಸ್ಪತ್ರೆಯಲ್ಲಿ ನರ್ಸು ಅದನ್ನು ಅವ್ವನಿಗೆ ತೋರಿಸಿದಳಂತೆ. ಆ ಪೇಪರನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಸದ್ಯಕ್ಕೆ ನೀನು ಬರುವ ಮಾತು ಬೇಡ. ಅವಳ ಮನಸ್ಸು ತಹಬಂದಿಗೆ ಬರಲಿ. ನಾನೇ ಹೇಳುತ್ತೇನೆ.

ಚೆಲುವರಾಜು


ಮದರಾಸು
10 ಸೆಪ್ಟೆಂಬರ್ 1954

ಅಣ್ಣ,

ಹತ್ತು ತಿಂಗಳಿಂದ "ಈಗ ಬೇಡ, ಈಗ ಬೇಡ" ಅನ್ನುತ್ತಲೇ ಇದ್ದೀಯ. ಅವ್ವನಿಗೆ ನನ್ನ ಮೇಲೆ ಅಷ್ಟೊಂದು ಸಿಟ್ಟಾ? ಅಕ್ಕನ ಹೆಸರು ಕದ್ದವಳು ಅಂತಲಾ? ಇಲ್ಲ ಬಣ್ಣ ಹಚ್ಚಿಕೊಂಡವಳು ಅಂತಲಾ? ನನ್ನ ಹೆಸರೆತ್ತಿದರೆ ಏನಂತಾಳೆ, ಅದನ್ನಾದರೂ ಬರೆಯಬಾರದಾ?

ಪಾರ್ಸೆಲಿನಲ್ಲಿ ಒಂದು ಸೀರೆ ಕಳಿಸಿದ್ದೇನೆ, ತಿಳಿ ಗುಲಾಬಿ ಬಣ್ಣದ್ದು. ಪಿತೃಪಕ್ಷದ ಅಮಾವಾಸ್ಯೆಗೆ ಎಡೆ ಇಡುತ್ತೀರಲ್ಲ, ಅಕ್ಕನಿಗೆ ಇದು ಮೊದಲನೆಯ ಎಡೆ. ಅಪ್ಪನ ಎಲೆಯ ಪಕ್ಕದಲ್ಲಿ ಅವಳ ಎಲೆ ಹಾಕಿ, ಈ ಸೀರೆ ಇಟ್ಟು, ಹೆಸರು ಹಿಡಿದು ಕರೆಯಿರಿ. ಬಾಗಿಲು ಹಾಕಿಕೊಂಡು ಜಗುಲಿಯಲ್ಲಿ ನಿಲ್ಲುತ್ತೀರಲ್ಲ, ಹೋದವರು ಬಂದು ಉಣ್ಣಲಿ ಅಂತ, ಆಗ ಅವ್ವನ ಕೈ ಹಿಡಿದುಕೊಂಡಿರು. ಪ್ರತಿ ವರ್ಷ ಆ ಹೊತ್ತಿಗೆ ಅವಳ ಕೈ ಹಿಡಿದುಕೊಳ್ಳುತ್ತಿದ್ದವಳು ನಾನು.

ಬೆಟ್ಟಿ


ಮೈಸೂರು
2 ಅಕ್ಟೋಬರ್ 1954

ಬೆಟ್ಟಿ,

ಎಡೆ ಇಟ್ಟೆವು. ಎರಡು ಎಲೆ ಹಾಕಿದ್ದು. ಅಪ್ಪನಿಗೆ ಪಂಚೆ, ಇನ್ನೊಂದು ಎಲೆಗೆ ನೀನು ಕಳಿಸಿದ ಸೀರೆ. ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲ್ಲ ಅವ್ವ ತಾನೇ ಮಾಡಿದಳು. ಮಗಳ ಹೆಸರು ಹಿಡಿದು ಕರೆಯುವಾಗ ಅವಳ ದನಿ ಒಡೆಯಿತು. ನಾನು ಕೈ ಹಿಡಿದುಕೊಂಡೆ.

ನೀನು ಕೆಲಸದ ಕಡೆ ಗಮನ ಕೊಡು.

ಚೆಲುವರಾಜು


ಮದರಾಸು
18 ಮಾರ್ಚ್ 1955

ಅಣ್ಣ,

ಪಿಕ್ಚರ್ ಮುಗಿಯಿತು! ನಾನು ರಾಜನರ್ತಕಿ. ಕೊನೆಗೆ ವಿಷ ಕುಡಿದು ಸಾಯುತ್ತೇನೆ. ಸಾಯುವುದಕ್ಕೆ ನಾಲ್ಕು ದಿನ ಹಿಡಿಯಿತು, ಕ್ಯಾಮರಾದವನಿಗೆ ನನ್ನ ಕಣ್ಣು ಮುಚ್ಚುವ ರೀತಿ ಹಿಡಿಸಲೇ ಇಲ್ಲ. "ಸತ್ತವರನ್ನು ನೀವು ನೋಡಿಲ್ಲವಾ ಅಮ್ಮ" ಅಂದ. ನೋಡಿಲ್ಲ. ಅಪ್ಪ ಹೋದಾಗ ನಾನು ಕೈಗೂಸು. ಅಕ್ಕನ ಮುಖವನ್ನೂ ನನಗೆ ತೋರಿಸಲಿಲ್ಲವಲ್ಲ, ಆಸ್ಪತ್ರೆಯವರು ಸೀದಾ ಮಣ್ಣಿಗೆ ಒಯ್ದರು, ನೀನೊಬ್ಬನೇ ಹೋಗಿದ್ದೆ.

ಅಂಗಡಿಗಳಲ್ಲಿ ನನ್ನ ಫೋಟೋ ಮಾರುತ್ತಾರೆ. ನನ್ನದೆಲ್ಲಿ ಬಂತು, ಅದೇ ಅಕ್ಕನ ಫೋಟೋ. ಮುಂಗುರುಳು ತಿದ್ದಿ, ತುಟಿಗೆ ಬಣ್ಣ ತುಂಬಿದ್ದಾರೆ. ರುಜು ಹಾಕಿಕೊಡಿ ಅಂತ ದಿನಕ್ಕೆ ಐವತ್ತು ಬರುತ್ತವೆ. ಅಕ್ಕನ ಮುಖದ ಕೆಳಗೆ ಅಕ್ಕನ ಹೆಸರನ್ನು ನಾನು ಬರೆಯುತ್ತೇನೆ. ಜಡೆ ಹಾಕುವ ಪ್ರೇಮಲೀಲಾ ಅಂತ ಒಬ್ಬಳು ನನ್ನ ಜೊತೆಗೇ ಇರುತ್ತಾಳೆ, ಬಳ್ಳಾರಿ ಕಡೆಯ ಹುಡುಗಿ. "ಎಷ್ಟು ಚೆಂದ ಬಂದಿದೆರೀ, ನಿಮಗಿಂತ ಚೆಂದ" ಅಂದಳು. ಸತ್ಯ ಹೇಳಿದಳು, ಏನು ಮಾಡಲಿ.

ಒಂದು ಮಾತು ಕೇಳಬೇಕು. ಎಡೆಗೆ ಬಾಡು ಇಟ್ಟೆವು ಅಂದೆಯಲ್ಲ, ಅಕ್ಕ ಬಾಡು ಮುಟ್ಟುತ್ತಿರಲಿಲ್ಲ. ತಾನು ಸಾಕಿದ ಮರಿಯನ್ನು ಮಾರಮ್ಮನಿಗೆ ಕೊಟ್ಟ ದಿನದಿಂದ ಸಾಯುವ ತನಕ ಮುಟ್ಟಲಿಲ್ಲ. ಬಾಡು ಅಂದರೆ ಬಾಯಿ ಬಿಡುತ್ತಿದ್ದವಳು ನಾನು. ದುಃಖದಲ್ಲಿ ಅವ್ವನಿಗೆ ಅದೂ ಮರೆತುಹೋಯಿತಾ? ಈ ವರ್ಷ ನೆನಪು ಮಾಡು. ಪಾಯಸ ಇಡಿ.

ಬೆಟ್ಟಿ


ಮೈಸೂರು
27 ಜೂನ್ 1955

ಪ್ರೀತಿಯ ಬೆಟ್ಟಿ,

ನಿನ್ನ ಪಿಕ್ಚರ್ ಇಲ್ಲಿ ಟೆಂಟಿಗೆ ಬಂತು. ಅವ್ವನನ್ನು ಕರೆದುಕೊಂಡು ಹೋಗಿದ್ದೆ. ನೀನು ಮೆಟ್ಟಿಲಿಳಿದು ಬರುತ್ತಿದ್ದ ಹಾಗೇ ಎದ್ದು ನಿಂತಳು. "ಪಂಕಜಾ, ನೆಟ್ಗೆ ನಿಂತ್ಕೊ ಮಗ, ಜನ ನೋಡ್ತಾವ್ರೆ" ಅಂತ ಕೂಗಿಬಿಟ್ಟಳು! ಟೆಂಟೆಲ್ಲ ಗೊಳ್ಳೆಂದಿತು. ಆಮೇಲೆ ಗುರುತು ಸಿಕ್ಕಿದವರು ಬಂದು ಅವಳಿಗೆ ಕೈಮುಗಿದರು. ನೀನು ವಿಷದ ಬಟ್ಟಲು ಎತ್ತಿದಾಗ ಮಾತ್ರ "ಒಬ್ಳು ಹೋಗಿದ್ದು ಸಾಕು" ಅಂತ ಎದ್ದು ಹೊರಗೆ ಬಂದಳು. ಕೊನೆ ನೋಡಲಿಲ್ಲ.

ಈಗ ಹಾಲು ಕೊಡಲು ಹೋದ ಮನೆಯಲ್ಲೆಲ್ಲ ಅವಳಿಗೆ ಕುರ್ಚಿ ಹಾಕುತ್ತಾರೆ. ಖುಷಿಯಾಗಿದ್ದಾಳೆ. ಇದನ್ನು ನೀನು ತಿಳಿದಿರಬೇಕು, ಖುಷಿಯಾಗಿದ್ದಾಳೆ.

ಚೆಲುವರಾಜು


ಮದರಾಸು
30 ಆಗಸ್ಟ್ 1957

ಅಣ್ಣ,

ಎರಡು ವರ್ಷದಿಂದ ನಿನ್ನ ಕಾಗದಗಳು ಆಫೀಸಿನ ಸುತ್ತೋಲೆಯ ಹಾಗಿವೆ. ಕ್ಷೇಮ, ಮಳೆ ಬಂತು, ಹಸು ಈಯಿತು. ಬಾಡಿನ ವಿಷಯ ಕೇಳಿದೆ, ಉತ್ತರವಿಲ್ಲ. ನಿನ್ನ ಮದುವೆಗೂ ನನ್ನನ್ನು ಕರೆಯಲಿಲ್ಲ. "ಜನ ಮುತ್ತಿಕೊಳ್ಳುತ್ತಾರೆ" ಅಂದೆ. ಇರಲಿ ಬಿಡು.

ಈಗ ನಾನು ಕೇಳುವುದಿಲ್ಲ, ಹೇಳುತ್ತೇನೆ. ಮುಂದಿನ ಪಿಕ್ಚರಿಗೆ ಮೈಸೂರಿನಲ್ಲೇ ಹತ್ತು ದಿನ ಶೂಟಿಂಗು. ಸೆಪ್ಟೆಂಬರ್ ಇಪ್ಪತ್ತಕ್ಕೆ ಬರುತ್ತೇನೆ. ಅವ್ವ ಬಾಗಿಲು ತೆಗೆಯದೆ ಹೋದರೆ ಜಗುಲಿಯಲ್ಲಿ ಕೂರುತ್ತೇನೆ. ಬಯ್ಯಲಿ, ಹೊಡೆಯಲಿ, "ಥೂ ಬೆಟ್ಟಿ" ಅನ್ನಲಿ. ನಾಲ್ಕು ವರ್ಷದಿಂದ ನನ್ನನ್ನು ಆ ಹೆಸರಿನಿಂದ ಯಾರೂ ಕರೆದಿಲ್ಲ. ಬಯ್ಗುಳದ ಜೊತೆಯಾದರೂ ಒಂದು ಸಲ ಅವಳ ಬಾಯಿಂದ ಕೇಳಬೇಕು.

ಪಂಕಜಾ

ನೋಡು, ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ. ಬೆಟ್ಟಿ.


ಮೈಸೂರು
9 ಸೆಪ್ಟೆಂಬರ್ 1957

ಬೆಟ್ಟಿ,

ಬಂದರೆ ಮೊದಲು ಆಫೀಸಿಗೆ ಬಾ. ನೇರ ಮನೆಗೆ ಹೋಗಬೇಡ. ಅಣ್ಣ ಕೈಮುಗಿದು ಕೇಳುತ್ತಿದ್ದಾನೆ ಅಂತ ತಿಳಿ.

ಚೆಲುವರಾಜು


ಮದರಾಸು
5 ಅಕ್ಟೋಬರ್ 1957

ಅಣ್ಣ,

ನಿನ್ನ ಆಫೀಸಿಗೆ ನಾನು ಬರಲಿಲ್ಲ. ಬರಬೇಕಾಗಿತ್ತು.

ಅಮಾವಾಸ್ಯೆಯ ದಿನ ಶೂಟಿಂಗಿಗೆ ರಜ. ಕಂಪನಿಯ ಕಾರಿನಲ್ಲಿ ನೇರ ಕೆಸರೆಗೆ ಹೋದೆ. ನೀನು ಹೂವು ತರಲು ಪೇಟೆಗೆ ಹೋಗಿದ್ದೆಯಂತೆ. ಕಾರು ನಿಂತದ್ದೇ ತಡ ಕೇರಿಯೆಲ್ಲ ಸೇರಿತು. ಅವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವಳ ಕಣ್ಣಿಗೆ ಪೊರೆ ಬಂದಿರುವುದನ್ನೂ ನೀನು ಬರೆದಿರಲಿಲ್ಲ.

"ಬಂದ್ಯಾ ಪಂಕಜಾ" ಅಂದಳು. ಜನ ಇದ್ದಾರೆ, ಜನಕ್ಕಾಗಿ ಹಾಗಂದಳು ಅಂದುಕೊಂಡೆ. ಒಳಗೆ ಕರೆದುಕೊಂಡು ಬಾಗಿಲು ಹಾಕಿದ ಮೇಲೂ ಪಂಕಜಾ ಅಂದಳು. ಮುಖ ತಡವಿದಳು. "ಬಣ್ಣ ಬಳ್ದೂ ಬಳ್ದೂ ನಿನ್ ಮಕ ನಂಗೆ ಗುರ್ತೇ ಹತ್ತಕಿಲ್ಲ ಕಣವ್ವ" ಅಂದಳು. ಆಮೇಲೆ ನಡುಮನೆಗೆ ಕರೆದೊಯ್ದು ಎರಡು ಎಲೆ ತೋರಿಸಿದಳು.

"ಇದು ನಿಮ್ಮಪ್ಪನ್ದು. ಇದು ನಮ್ ಬೆಟ್ಟಿದು. ನೀನು ವರ್ಸಾ ವರ್ಸಾ ಸೀರೆ ಕಳುಸ್ತೀಯಲ್ಲ, ಅವ್ಳಿಗೇ ಇಡ್ತೀನಿ. ಅಷ್ಟು ದೊಡ್ಡೋಳಾದ್ರೂ ಸತ್ತ ತಂಗಿನ ಮರೀಲಿಲ್ವಲ್ಲ ಮಗ ನೀನು."

ನನ್ನ ಎಲೆ ಅಣ್ಣ! ಎಲೆಯ ಮುಂದೆ ನನ್ನ ಹಳೆಯ ಹಸಿರು ಲಂಗ ಮಡಿಸಿಟ್ಟಿದ್ದಳು. ಸತ್ತವರ ಎಲೆಯಲ್ಲಿ ನನ್ನ ಹೆಸರಿಗೆ ಬಡಿಸಿದ್ದನ್ನು ನಾನೇ ನಿಂತು ನೋಡಿದೆ.

"ನಾನೇ ಕಣವ್ವ ಬೆಟ್ಟಿ" ಅಂತ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದು, "ನೀನೊಬ್ಳು ಉಳುದ್ಯಲ್ಲ, ಅದ್ಕೇ ಉಸ್ರಾಡ್ತಾ ಇವ್ನಿ" ಅಂದಳು. ನುಂಗಿಕೊಂಡೆ. ಒಂದು ಲೋಟ ನೀರು ಕುಡಿದು ಕಾರು ಹತ್ತಿದೆ.

ನಾಲ್ಕು ವರ್ಷ ನನ್ನನ್ನು ಸಾಯಿಸಿ, "ಅವ್ವ ಚೆನ್ನಾಗಿರಲಿ ಅಂದಳು" ಅಂತ ನನಗೇ ಕಾಗದ ಬರೆದೆಯಲ್ಲ, ನಿನಗೆ ಕೈ ಹೇಗೆ ಬಂತು? ಈ ಕಾಗದ ಸೇರಿದ ದಿನವೇ ಅವಳಿಗೆ ಹೇಳು. ನೀನು ಹೇಳದಿದ್ದರೆ ನಾನೇ ಬಂದು ಕೇರಿಯ ನಡುವೆ ನಿಂತು ಹೇಳುತ್ತೇನೆ.

ಬೆಟ್ಟಮ್ಮ


ಮೈಸೂರು
16 ಅಕ್ಟೋಬರ್ 1957

ಬೆಟ್ಟಿ,

ನೀನು ಬಯ್ದದ್ದು ಕಡಿಮೆಯೇ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜ್ವರದ ಭಯಕ್ಕೆ ಕೇರಿಯವರು ಯಾರೂ ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ನೀನೂ ನಾನೂ ಮನೆ ಬಿಟ್ಟು ಪೇಟೆಯಲ್ಲಿ ಫೋಟೋ ಸ್ಟುಡಿಯೋ ಬಿಂದುಮಾಧವನ ಹಿಂದಿನ ಕೋಣೆಯಲ್ಲಿದ್ದೆವು. ಒಬ್ಬಳು ಮಗಳು ಸತ್ತಳು ಅಂತ ಮಾತ್ರ ಊರಿಗೆ ಗೊತ್ತು. ಗಾಡಿ ಹತ್ತಿಸುವಾಗಲೇ ಅವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ, ಜೊತೆಗೆ ಬಂದವಳು ಯಾರು ಅಂತ ಅವಳಿಗೆ ತಿಳಿಯದು, ಆಸ್ಪತ್ರೆಯವರು ಹೇಳಿದ್ದೂ ಒಬ್ಬಳು ಮಗಳು ಹೋದಳು ಅಂತ ಅಷ್ಟೇ. ಆಮೇಲೆ ನರ್ಸು ಪೇಪರು ತೋರಿಸಿದಳು. ಅದರಲ್ಲಿ ಪಂಕಜಾ ಹೆಸರು, ಪಂಕಜಾ ಮುಖ. ನಾನು ಮನೆಗೆ ಕರೆತರಲು ಹೋದಾಗ ಅವಳು ಗಾಡಿ ಹತ್ತಲಿಲ್ಲ. ಪೇಪರು ಕೈಯಲ್ಲಿ ಹಿಡಿದು, "ಪಂಕಜಾ ಐತಲ್ಲ, ಅಂಗಾದ್ರೆ ಮಣ್ಣು ಮಾಡಿದ್ದು ಬೆಟ್ಟಿನಾ?" ಅಂತ ಕೇಳಿದಳು.

ನಾನು ಇಲ್ಲ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ಅವಳ ಗಂಟು ಎತ್ತಿ ಗಾಡಿಗೆ ಹಾಕಿದೆ.

ಆ ಸ್ಪರ್ಧೆಯ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ನಾನೇ. ಸತ್ತವಳ ಹೆಸರಲ್ಲಿ ತಂಗಿಯನ್ನು ನಿಲ್ಲಿಸಿದೆ ಅಂತ ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು. ಮೊದಲು ಸುಮ್ಮನಿದ್ದದ್ದು ಆ ಭಯಕ್ಕೆ. ಎರಡು ದಿನ ಕಳೆಯಲಿ, ಮೆಲ್ಲಗೆ ಹೇಳೋಣ ಅಂದುಕೊಂಡೆ. ಎರಡು ದಿನಕ್ಕೆ ಅವಳು ಬೆಟ್ಟಿಗಾಗಿ ಅತ್ತು ಮುಗಿಸಿ, ಪೇಪರು ನೋಡಿ ನಕ್ಕಳು. ಆ ನಗು ನೋಡಿದ ಮೇಲೆ ನನ್ನ ಕೈಲಿ ಆಗಲಿಲ್ಲ. ಪಂಕಜಾ ಅಂದರೆ ಅವಳಿಗೆ ಪ್ರಾಣ ಅಂತ ನಿನಗೆ ನಾನು ಹೇಳಬೇಕಾ?

ಈಗ ಹೇಳಿದರೆ ಏನಾಗುತ್ತದೆ ಯೋಚನೆ ಮಾಡು. ಸತ್ತ ಮಗಳು ಬದುಕಿದಳು ಅಂತಲ್ಲ, ಬದುಕಿದ್ದವಳು ಸತ್ತಳು ಅಂತ ಹೇಳಬೇಕು. ಅವಳು ತಡೆಯುವುದಿಲ್ಲ. ಹೇಳು ಅಂದರೆ ಹೇಳುತ್ತೇನೆ. ನಿನ್ನ ಇನ್ನೊಂದು ಕಾಗದಕ್ಕೆ ಕಾಯುತ್ತೇನೆ.

ನಿನ್ನ ಅಣ್ಣ
ಚೆಲುವರಾಜು


ಮದರಾಸು
22 ಫೆಬ್ರವರಿ 1958

ಅಣ್ಣ,

ಹೇಳಬೇಡ.

ನಾಲ್ಕು ತಿಂಗಳು ಇದನ್ನು ಬರೆಯುವುದಕ್ಕೆ ಬೇಕಾಯಿತು. ನಡುವೆ ಎರಡು ಪಿಕ್ಚರ್ ಮುಗಿಸಿದೆ, ಎರಡರಲ್ಲೂ ಸತ್ತೆ. ಈಗ ಚೆನ್ನಾಗಿ ಸಾಯುತ್ತೇನೆ ಅಂತ ಪತ್ರಿಕೆಯವರು ಬರೆಯುತ್ತಾರೆ.

ಮುಖಕ್ಕೆ ಬಣ್ಣ ಹಚ್ಚಿ ಮುಗಿದ ಮೇಲೆ ಕನ್ನಡಿಯಲ್ಲಿ ಇರುವವಳು ನಾನಲ್ಲ. ಮೊದಲು ಅದು ಅಕ್ಕ ಅಂತ ಅನ್ನಿಸುತ್ತಿತ್ತು, ಧೈರ್ಯವಾಗುತ್ತಿತ್ತು. ಈಗ ಅವಳು ಏನೋ ಕೇಳುತ್ತಿರುವ ಹಾಗೆ ಕಾಣುತ್ತದೆ. ಏನು ಬೇಕೇ ನಿನಗೆ, ಹೆಸರು ಬೇಕಾ, ತಗೋ ಅನ್ನುತ್ತೇನೆ. ಪ್ರೇಮಲೀಲಾ ಹೆದರಿ ಕನ್ನಡಿಗೆ ಬಟ್ಟೆ ಮುಚ್ಚಿದಳು.

ನನಗೆ ಒಂದೇ ಒಂದು ಉಪಕಾರ ಮಾಡು. ಅವ್ವ ಬೆಟ್ಟಿಯ ವಿಷಯ ಏನು ಹೇಳುತ್ತಾಳೆ, ಒಂದು ಅಕ್ಷರ ಬಿಡದೆ ಬರಿ. ನಾನು ಅಲ್ಲಿದ್ದಾಗ "ಹಾಲು ಕರಿ, ಸಗಣಿ ಬಾಚು" ಬಿಟ್ಟು ಬೇರೆ ಹೇಳಿದವಳಲ್ಲ ಅವಳು.


ಮೈಸೂರು
15 ಮಾರ್ಚ್ 1958

ಬೆಟ್ಟಿ,

ಬರೆಯುತ್ತೇನೆ. ಹೋದ ವಾರ ಹಸು ಒದ್ದಾಗ, "ಬೆಟ್ಟಿ ಕೈ ಇದ್ದಿದ್ರೆ ಇದು ಕಮಕ್ ಕಿಮಕ್ ಅಂತಿರ್ಲಿಲ್ಲ" ಅಂದಳು. ಯುಗಾದಿ ಹತ್ತಿರ ಬಂತಲ್ಲ, ಬಳೆಗಾರ ಬಂದಿದ್ದ. "ಅವ್ಳ್ ಕೈಗೆ ಒಂದ್ ಡಜನ್ ಬಳೆ ತೊಡಿಸ್ಲಿಲ್ಲ ನಾನು, ಎಲ್ಲ ಪಂಕಜಂಗೇ ಮಾಡ್ದೆ. ಕೇಳೋದೂ ಇಲ್ಲ ಆ ಮುಂಡೇದು, ಮಿಕಮಿಕ ನೋಡ್ತಾ ನಿಂತಿರ್ತಿತ್ತು" ಅಂತ ಅತ್ತಳು. ಮಧ್ಯಾಹ್ನ ಉಂಡ ಮೇಲೆ ಒಬ್ಬಳೇ ಕೂತಾಗ ನಿನ್ನ ಜೊತೆ ಮಾತಾಡುತ್ತಾಳೆ. ಹೊತ್ತಾಯ್ತಲ್ಲವ್ವ, ಉಂಡ್ಯಾ, ತಲೆ ಬಾಚ್ಕೊಂಡ್ಯಾ ಅಂತ. ನಿನ್ನ ಅತ್ತಿಗೆ ಮೊದಮೊದಲು ಹೆದರುತ್ತಿದ್ದಳು.

ಪಂಕಜಾ ಅಂದರೆ ಅವಳಿಗೆ ಹೆಮ್ಮೆ. ಬೆಟ್ಟಿ ಅಂದರೆ ಕರುಳು. ನೀನು ಕೇಳಿದೆ ಅಂತ ಬರೆದೆ.

ಚೆಲುವರಾಜು


ಮೈಸೂರು
5 ಅಕ್ಟೋಬರ್ 1959

ಬೆಟ್ಟಿ,

ಒಂದು ವರ್ಷದಿಂದ ನಿನ್ನ ಕಾಗದವಿಲ್ಲ. ಆದರೂ ಇದನ್ನು ಬರೆಯದೆ ಇರಲಾರೆ.

ಮೊನ್ನೆ ಶುಕ್ರವಾರ ಅಮಾವಾಸ್ಯೆ. ಎಂದಿನ ಹಾಗೆ ಎರಡು ಎಲೆ ಬಡಿಸಿ, ಹೆಸರು ಕರೆದು, ಬಾಗಿಲು ಹಾಕಿಕೊಂಡು ಜಗುಲಿಗೆ ಬಂದೆವು. ಮಧ್ಯಾಹ್ನ ಎರಡು ಗಂಟೆ. ಸ್ವಲ್ಪ ಹೊತ್ತಾದ ಮೇಲೆ ಅವ್ವ ಮೂರು ಸಲ ಕೆಮ್ಮಿ ಬಾಗಿಲು ತೆಗೆದಳು. ಅಪ್ಪನ ಎಲೆ ಬಡಿಸಿದ ಹಾಗೇ ಇತ್ತು. ನಿನ್ನ ಎಲೆ ಬರಿದು. ಮುದ್ದೆ ಇಲ್ಲ, ಬಾಡಿಲ್ಲ, ಒಂದು ಕಜ್ಜಾಯ ಅರ್ಧ ಕಚ್ಚಿತ್ತು. ಸಾರು ಒರೆಸಿ ಉಂಡ ಬೆರಳಿನ ಗೆರೆ ಎಲೆಯ ಮೇಲೆ ಕಾಣುತ್ತಿತ್ತು. ನಿನ್ನ ಅತ್ತಿಗೆ ಕಿಟಾರನೆ ಕಿರುಚಿ ಹೊರಗೆ ಓಡಿದಳು. ಬೆಕ್ಕು ಅಂದೆ ನಾನು. ಬೆಕ್ಕು ಬೆರಳಿನಿಂದ ಒರೆಸುತ್ತದಾ?

ಅವ್ವ ಎಲೆ ಮುಟ್ಟಿ ಮುಟ್ಟಿ ನೋಡಿದಳು. ಹಿತ್ತಿಲ ಬಾಗಿಲಿಗೆ ಹೋಗಿ ಕೊಟ್ಟಿಗೆಯ ಕಡೆ ಮುಖ ಮಾಡಿ, "ಬೆಟ್ಟೀ, ಹೊಟ್ಟೆ ತುಂಬ್ತೇನವ್ವಾ" ಅಂತ ಕೂಗಿದಳು.

"ತುಂಬ್ತು ಕಣವ್ವ" ಅಂತ ಕೇಳಿಸಿತು. ನನಗೂ ಕೇಳಿಸಿತು ಬೆಟ್ಟಿ. ಅವ್ವ ಅಲ್ಲೇ ನೆಲಕ್ಕೆ ಕೂತು ಕೈಮುಗಿದಳು. ನಾನು ಕೊಟ್ಟಿಗೆಗೆ ಹೋಗಿ ನೋಡುವ ಧೈರ್ಯ ಮಾಡಲಿಲ್ಲ.

ಶುಕ್ರವಾರ ನೀನು ಎಲ್ಲಿದ್ದೆ?

ಚೆಲುವರಾಜು


ಮದರಾಸು
14 ಅಕ್ಟೋಬರ್ 1959

ಅಣ್ಣ,

ಕೊಟ್ಟಿಗೆಯಲ್ಲಿದ್ದೆ. ಇನ್ನೆಲ್ಲಿರಲಿ.

ಜ್ವರ ಅಂತ ಕಂಪನಿಗೆ ಸುಳ್ಳು ಹೇಳಿ, ಪ್ರೇಮಲೀಲಾಳ ಹತ್ತಿ ಸೀರೆ ಉಟ್ಟು, ಮುಸುಕು ಹಾಕಿಕೊಂಡು ಮೂರನೆಯ ದರ್ಜೆಯ ಡಬ್ಬಿಯಲ್ಲಿ ಬಂದೆ. ದಾರಿಯುದ್ದಕ್ಕೂ ಒಬ್ಬರೂ ಗುರುತಿಸಲಿಲ್ಲ. ಹಿತ್ತಿಲಿನಿಂದ ಬಂದು ಹಸುವಿನ ಮರೆಯಲ್ಲಿ ನಿಂತೆ. ದೂರದಿಂದ ಒಂದು ಸಲ ಅವಳು ನನ್ನ ಹೆಸರು ಕರೆಯುವುದನ್ನು ಕೇಳಿ ಹೋಗೋಣ ಅಂತಲೇ ಬಂದದ್ದು, ಬೇರೆ ಯೋಚನೆ ಇರಲಿಲ್ಲ. "ಬಾರವ್ವ ಬೆಟ್ಟಿ, ಬಂದು ಉಣ್ಣು" ಅಂದಳು. ಹಾಗೆ ಕರೆದರೆ ನಿಲ್ಲುವುದು ಹೇಗೆ ಅಣ್ಣ? ಆರು ವರ್ಷ ಕಾದಿದ್ದೆ. ನೀವು ಮುಂದಿನ ಬಾಗಿಲು ಹಾಕಿದಿರಿ, ನಾನು ಹಿಂದಿನಿಂದ ಒಳಗೆ ಹೋದೆ.

ಅಪ್ಪನ ಎಲೆಯ ಪಕ್ಕದಲ್ಲಿ ಕೂತು ಉಂಡೆ. ಸಾರಿಗೆ ಉಪ್ಪು ಕಮ್ಮಿ, ಎಡೆಯ ಅಡುಗೆ ರುಚಿ ನೋಡುವ ಹಾಗಿಲ್ಲವಲ್ಲ. ಅಳುತ್ತಾ ಉಂಡೆ, ಬಿಕ್ಕಳಿಸುತ್ತಾ ಉಂಡೆ. ಅವಳು ಕೆಮ್ಮಿದಾಗ ಕಜ್ಜಾಯ ಕೈಬಿಟ್ಟು ಓಡಿದೆ. ಕೂಗಿದಾಗ ಸುಮ್ಮನಿರಬೇಕಾಗಿತ್ತು. ಆಗಲಿಲ್ಲ.

ಬರುವ ವರ್ಷವೂ ಬರುತ್ತೇನೆ. ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಬೇಡ. ವರ್ಷಕ್ಕೆ ಒಂದು ಊಟ, ಒಂದು ಕೂಗು. ನನಗೆ ಅಷ್ಟು ಸಾಕು.

ಬೆಟ್ಟಿ


ಮೈಸೂರು
25 ಸೆಪ್ಟೆಂಬರ್ 1960

ಬೆಟ್ಟಿ,

ಈ ಸಲ ನೀನು ಬರಬೇಡ ಅಂತ ತಂತಿ ಕಳಿಸಿದ್ದು ಯಾಕೆ ಅಂತ ಕೇಳಿದ್ದೀಯ. ಅವ್ವ ಈ ವರ್ಷ ನಿನಗೆ ಎಲೆ ಹಾಕಲಿಲ್ಲ. ಅಪ್ಪನ ಎಲೆ ಒಂದೇ.

ನಾನು ಕೇಳಿದೆ. ಜಗಳವನ್ನೂ ಆಡಿದೆ. "ಬಂದು ಹೊಟ್ಟೆ ತುಂಬ ಉಂಡೋದ್ಲಲ್ಲಾ. ತುಂಬ್ತು ಅಂದ್ಲಲ್ಲಾ. ಇನ್ನೂ ಕರುದ್ರೆ ಅದಕ್ಕೆ ಹೋಗೋ ದಾರಿ ತಪ್ತದೆ, ಬುಡು" ಅಂದಳು. ಹಸಿರು ಲಂಗವನ್ನು ಹೊಳೆಗೆ ಬಿಡಿಸಿದಳು. ಹೋದ ವರ್ಷದ ಅಮಾವಾಸ್ಯೆಯಿಂದ ನಿನ್ನ ಹೆಸರೆತ್ತಿ ಅತ್ತಿಲ್ಲ, ಮಧ್ಯಾಹ್ನ ಮಾತಾಡುವುದೂ ನಿಂತಿದೆ. ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಪಂಕಜಾ ಯಾವಾಗ ಬರ್ತಾಳೆ ಅಂತ ಮಾತ್ರ ಕೇಳುತ್ತಾಳೆ.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಿನ್ನ ಹೆಸರು ಈ ಮನೆಯಲ್ಲಿ ಈಗ ನನ್ನ ಬಾಯಲ್ಲಿ ಮಾತ್ರ ಇದೆ.

ಚೆಲುವರಾಜು


ಮದರಾಸು
21 ಅಕ್ಟೋಬರ್ 1960

ಅಣ್ಣ,

ನಿನ್ನ ಕಾಗದ ಓದಿ ಮೂರು ದಿನ ಶೂಟಿಂಗಿಗೆ ಹೋಗಲಿಲ್ಲ. ಅವ್ವನ ಪಾಲಿಗೆ ನಾನು ಈಗ ನಿಜವಾಗಿ ಸತ್ತೆ. ನನ್ನ ಕೈಯಾರೆ ಉಂಡು ಸತ್ತೆ. ನನ್ನ ಎಲೆ ಹೋಯಿತಲ್ಲ, ನನ್ನ ಎಲೆ ಹೋಯಿತಲ್ಲ ಅಂತ ಹುಚ್ಚಿಯ ಹಾಗೆ ಅಂದುಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ಕನ್ನಡಿಯ ಮುಂದೆ ಕೂತಾಗ ಹೊಳೆಯಿತು. ಅಪ್ಪನಿಗೊಂದು ಎಲೆ, ಬದುಕಿರುವ ನನಗೊಂದು ಎಲೆ. ಅಕ್ಕನ ಎಲೆ ಎಲ್ಲಿ? ಅವಳು ಸತ್ತು ಏಳು ವರ್ಷ ಆಯಿತು. ಒಂದು ವರ್ಷವಾದರೂ ಅವಳಿಗೆ ಯಾರಾದರೂ ಬಡಿಸಿದ್ದೇವಾ? ನಾನು ಕಳಿಸಿದ ಸೀರೆಗಳೂ ನನಗೇ ಬಂದವು. ಅವಳ ಹೆಸರು ತಿಂದೆ, ಅವಳ ಮುಖ ತಿಂದೆ, ಕೊನೆಗೆ ಎಡೆಯನ್ನೂ ನಾನೇ ತಿಂದೆ. ಕನ್ನಡಿಯಲ್ಲಿ ಅವಳು ಕೇಳುತ್ತಿದ್ದದ್ದು ಊಟ ಕಣೋ ಅಣ್ಣ. ನನಗೆ ತಿಳಿಯಲಿಲ್ಲ.

ನಿನ್ನೆ ದೀಪಾವಳಿ ಅಮಾವಾಸ್ಯೆ. ನಾನೇ ಒಲೆ ಹಚ್ಚಿದೆ. ಅನ್ನ, ಬೇಳೆ ಸಾರು, ಗಸಗಸೆ ಪಾಯಸ, ಬಾಡಿಲ್ಲ. ಒಂದು ಎಲೆ ಹಾಕಿ ಬಡಿಸಿ, ಹೊಸದೊಂದು ಗುಲಾಬಿ ಬಣ್ಣದ ಸೀರೆ ಇಟ್ಟೆ. ಹೆಸರು ಹಿಡಿದು ಕರೆಯಬೇಕಲ್ಲ. ಆ ಹೆಸರನ್ನು ನಾನು ಸಾವಿರ ಸಲ ಬರೆದಿದ್ದೇನೆ, ಇನ್ನೊಬ್ಬರನ್ನು ಕರೆದು ಏಳು ವರ್ಷವಾಗಿತ್ತು. "ಪಂಕಜಾ, ಬಾರೇ ಅಕ್ಕ, ಉಣ್ಣು ಬಾ" ಅಂತ ಜೋರಾಗಿ ಕರೆದು, ಬಾಗಿಲು ಹಾಕಿಕೊಂಡು ಹೊರಗೆ ಬಂದೆ.

ವರಾಂಡದಲ್ಲಿ ಪ್ರೇಮಲೀಲಾ ನಿಂತಿದ್ದಳು.

"ಯಾರನ್ನ ಕರೆದ್ರಿ?" ಅಂದಳು.

"ನಮ್ಮಕ್ಕನ್ನ" ಅಂದೆ.

"ಪಂಕಜಾ ಅಂದ್ರಲ್ಲ, ಅದು ನಿಮ್ಮ ಹೆಸರು!"

"ಅಲ್ಲ ಕಣೆ" ಅಂದೆ. "ಅದು ಅವಳದು."

ಬೆಟ್ಟಮ್ಮ